ಕಿವಿ ಮುಟ್ಟದವಳು

ಶಾಂಭವಿ ಮೊಬೈಲಿನ ವಿಡಿಯೊವನ್ನು ಹಿಂದಕ್ಕೆಳೆದು ಮತ್ತೆ ನೋಡಿದಳು. ಇಲ್ಲ, ಫರಹೀನ ಕಿವಿ ಮುಟ್ಟಲೇ ಇಲ್ಲ.

ಹಿಂದೂಸ್ತಾನಿ ಗಾಯಕರು ಗುರುವಿನ ಹೆಸರು ತೆಗೆದರೆ ಕೈ ತಾನಾಗಿ ಕಿವಿಗೆ ಹೋಗುತ್ತದೆ. ದೊಡ್ಡವರು ನೂರು ಮಂದಿ ಇರಬಹುದು. ಕಿವಿ ಮುಟ್ಟುವುದು ವಿದ್ಯೆ ಕೊಟ್ಟ ಒಬ್ಬರಿಗೆ ಮಾತ್ರ. ಜೇವರ್ಗಿಯ ಆ ಸಂಗೀತ ಶಾಲೆಗೆ ಬಂದ ಮಕ್ಕಳಿಗೆ ಶಾಂಭವಿ ಮೊದಲು ಹೇಳಿಕೊಡುತ್ತಿದ್ದದ್ದೇ ಇದನ್ನು.

ಶಾಲೆ ಕಟ್ಟಿದ ಪಂಡಿತ ವಿಶ್ವಾರಾಧ್ಯರು ನಿವೃತ್ತರಾಗುತ್ತಿದ್ದರು. ಶಾಲೆಯ ವಾರ್ಷಿಕ ಪತ್ರಿಕೆ ಈ ಸಲ ಅವರಿಗೇ ಮೀಸಲು. ಸಂಪಾದಕಿ ಶಾಂಭವಿ, ಅವರ ಹಳೆಯ ಶಿಷ್ಯೆ. ಮುಖ್ಯ ಲೇಖನವೆಂದರೆ ಫರಹೀನಳ ಸಂದರ್ಶನ. ನೆಲೋಗಿಯಿಂದ ಬಸ್ಸು ಹಿಡಿದು ಬಂದು ಇಲ್ಲಿ ಕಲಿತು ದೊಡ್ಡ ಹೆಸರು ಮಾಡಿದವಳು, ಈಗ ಅಫಜಲಪುರದಲ್ಲಿ ಸಂಸಾರ. ಗುರುಗಳ ಜಾಗಕ್ಕೆ ಅವಳನ್ನೇ ತರುವುದೆಂದು ಆಡಳಿತ ಮಂಡಳಿ ಹೆಚ್ಚುಕಡಿಮೆ ತೀರ್ಮಾನಿಸಿತ್ತು. ತಬಲಾ ಮಾಸ್ತರ ಸಲಾವುದ್ದೀನರು ಅವಳ ಮನೆಗೇ ಹೋಗಿ ಸಂದರ್ಶನ ಚಿತ್ರೀಕರಿಸಿ ತಂದಿದ್ದರು.

"ವಿಶ್ವಾರಾಧ್ಯರು ಭಾಳ ದೊಡ್ಡವರ್ರಿ. ಅವರ ಶಾಲಿ ಋಣ ನನ್ನ ಮ್ಯಾಲದ," ಎಂದಿದ್ದಳು ಫರಹೀನ. ಕೈ ಮಡಿಲಲ್ಲೇ ಇತ್ತು.

ಶಾಲೆಯ ಋಣವಂತೆ. ಭಾಷಣಕ್ಕೆ ಬಂದ ಅತಿಥಿಗಳು ಆಡುವ ಮಾತು. ಶಾಂಭವಿಗೆ ಮೈಯೆಲ್ಲ ಉರಿಯಿತು. ವಿಡಿಯೊದ ಶುರುವಿನಲ್ಲಿ ಶಾಂಭವಿಯ ಕ್ಷೇಮ ವಿಚಾರಿಸುತ್ತ ಜುಮಕಿ ತಿದ್ದಿಕೊಳ್ಳಲು ಮಹಾರಾಯಿತಿಗೆ ಪುರುಸೊತ್ತಿತ್ತು, ಗುರುವಿನ ಹೆಸರಿಗೆ ಕೈ ಏಳಲಿಲ್ಲ. ಪುಣೆಯ ಯಾವುದೋ ಉಸ್ತಾದರ ಬಳಿ ಹೋಗುತ್ತಾಳೆಂಬ ಗಾಳಿಸುದ್ದಿ ನಿಜವೇ ಇರಬೇಕು.

ಗುರುಗಳು ಕಛೇರಿಗಳಿಗೆಂದು ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದಾಗ ಈ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಷಡ್ಜ ನಿಲ್ಲುವತನಕ ಬಿಡದೆ ಹಾಡಿಸಿದ್ದಳು ಶಾಂಭವಿ. ಹಸಿದಿದ್ದರೆ ರೊಟ್ಟಿ ಕೊಟ್ಟು, ಕತ್ತಲಾಗುವ ಮೊದಲು ಬಸ್ಸು ಹತ್ತಿಸಿದ್ದಳು. ಎಲ್ಲವೂ ಗುರುಗಳ ಹೆಸರು ಉಳಿಯಲೆಂದು. ಮಗಳಂತೆ ನೋಡಿಕೊಂಡ ಹುಡುಗಿಯೇ ಹೀಗೆ ಮಾಡಿದಳಲ್ಲ ಎಂದು ಶಾಂಭವಿಗೆ ಅಳು ಬಂತು.

ಸಂದರ್ಶನವನ್ನು ಕಿತ್ತುಹಾಕಿ ಸಂಪಾದಕೀಯ ಬರೆದಳು. ಫರಹೀನಳ ಹೆಸರು ಹಾಕಿಯೇ ಬರೆದಳು: ಗುರುವನ್ನು ಮರೆತವಳು, ಉಂಡ ಮನೆಗೆ ದ್ರೋಹ ಬಗೆದವಳು.

"ಅಕ್ಕೋರೇ, ಅಚ್ಚಿಗೆ ಹಾಕೂಕಿಂತ ಮೊದಲ ಆಕೀನ್ನ ಒಂದು ಮಾತು ಕೇಳ್ರಿ," ಎಂದರು ಸಲಾವುದ್ದೀನರು. ಕಣ್ಣಾರೆ ಕಂಡದ್ದಕ್ಕೆ ಕೇಳುವುದೇನು ಎಂದಳು ಶಾಂಭವಿ.

ಪತ್ರಿಕೆ ಬಿಡುಗಡೆಯಾಯಿತು. ಆಡಳಿತ ಮಂಡಳಿಯವರು ಸಂಪಾದಕೀಯ ಓದಿ, ಇಂಥವಳು ನಮಗೆ ಬೇಡವೆಂದು ಗುರುಗಳ ಜಾಗಕ್ಕೆ ಬೇರೆ ಊರಿನವರನ್ನು ಗೊತ್ತುಮಾಡಿದರು. ಶಾಂಭವಿಗೆ ನ್ಯಾಯ ಸಿಕ್ಕಿತೆನ್ನಿಸಿತು, ಸಂತೋಷವಾಗಲಿಲ್ಲ. ಫರಹೀನಳಿಗೂ ಒಂದು ಪ್ರತಿ ಮುಟ್ಟಲಿ ಎಂದು ಸಲಾವುದ್ದೀನರನ್ನೇ ಅಫಜಲಪುರಕ್ಕೆ ಕಳಿಸಿದಳು.

ಅವರು ಮರಳಿ ಬಂದಾಗ ಅವಳು ತಡೆಯಲಾರದೆ ಕೇಳಿದಳು.

"ಏನಂದ್ಳು?"

"ನಿಂತಲ್ಲೇ ಪೂರ್ತಿ ಓದಿದ್ಳ್ರಿ. ಆಮ್ಯಾಲ ನಿಮ್ಮ ಹೆಸರಿಗೆ ಕಿವಿ ಮುಟ್ಕೊಂಡು ಅಂದ್ಳು, ಶಾಂಭವಿ ಅಕ್ಕೋರು ಬರದಾರಂದ್ರ ತಪ್ಪು ನಂದೇ ಇರಬೇಕು ಅಂತ."