ಕಲ್ಲಾದ ತೆಂಗಿನೆಣ್ಣೆ

ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕೆನ್ನೆ ಚುರ್ ಎನ್ನುತ್ತದೆ.

ದಿಲ್ಲಿಯ ಜನಕಪುರಿಯಲ್ಲಿ, ನಮ್ಮ ಮನೆಯ ತಾರಸಿಯಲ್ಲಿ ಆ ಮಧ್ಯಾಹ್ನ ತೆಳ್ಳಗೆ ಬಿಸಿಲಿತ್ತು. ಕುಂದಾಪುರದಿಂದ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕಳಿಸಿದ್ದ ತೆಂಗಿನೆಣ್ಣೆ ಚಳಿಗೆ ಬಾಟಲಿಯೊಳಗೇ ಬೆಳ್ಳಗೆ ಕಲ್ಲಾಗಿತ್ತು. ಅಮ್ಮ ಅದನ್ನು ದಿನವೂ ಬಿಸಿಲಿಗಿಟ್ಟು, ಕರಗಿದಷ್ಟನ್ನು ನನಗೆ ಹಚ್ಚುತ್ತಿದ್ದಳು. ಆದರೂ ಅವತ್ತು ನನ್ನ ಕೆನ್ನೆ ಒಡೆದು ರಕ್ತ ಜಿನುಗಿತು.

ಪಕ್ಕದ ಮನೆಯ ಆಂಟಿ ಬಟ್ಟಲಲ್ಲಿ ಬೆಚ್ಚಗಿನ ಸಾಸಿವೆ ಎಣ್ಣೆ ತಂದುಕೊಟ್ಟರು. "ದಿಲ್ಲಿ ಚಳಿಗೆ ಇದೇ ಆಗಬೇಕು ಬೇಟಾ, ನಿಮ್ಮೂರಿನದು ನಡೆಯಲ್ಲ," ಎಂದು ಅಮ್ಮನಿಗೆ ಹಿಂದಿಯಲ್ಲಿ ಹೇಳಿದರು. ಅಮ್ಮನಿಗೆ ಆ ವಾಸನೆ ಆಗುತ್ತಿರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ನನ್ನ ಕೈಕಾಲಿಗೆಲ್ಲ ತಿಕ್ಕಿ, ಕೆನ್ನೆಗೆ ಮೆಲ್ಲಗೆ ಸವರಿದಳು. ಮೊದಲು ಉರಿಯಿತು, ಆಮೇಲೆ ಹಿತವಾಯಿತು.

ಅಷ್ಟರಲ್ಲಿ ಅಜ್ಜಿಯ ಫೋನು ಬಂತು.

"ನಾನು ಕಳಿಸಿದ ಎಣ್ಣೆ ಮಗುವಿಗೆ ಹಚ್ತಾ ಇದ್ದೀಯಲ್ಲ?"

"ಹ್ಞೂ ಅಮ್ಮ, ಈಗಷ್ಟೇ ಹಚ್ಚಿದೆ," ಎಂದಳು ಅಮ್ಮ. ಅವಳ ಜಿಡ್ಡುಗೈಯಲ್ಲಿ ಮೊಬೈಲು ಜಾರುತ್ತಿತ್ತು.

ಫೋನಿಟ್ಟು, ಸೋಪು ಹಾಕಿ ಕೈ ತೊಳೆದು ಬಂದಳು. ಆಮೇಲೆ ಅಜ್ಜಿಯ ಬಾಟಲಿಯನ್ನು ಸ್ವೆಟರಿನೊಳಗೆ ಎದೆಗೊತ್ತಿಕೊಂಡು, ಅದು ಕರಗುವವರೆಗೂ ಬಿಸಿಲಲ್ಲಿ ಕೂತಿದ್ದಳು.