ನಾಯಕನ ಬಾಯಿಗೆ ಬಾರದ ಹೆಸರು

“ಹಸನಸಾಬ, ಎಡಕ್ಕ ಹೊರಳು. ಬುದ್ಧಪ್ರಿಯ, ಬಂಡಿಗಲ್ಲಿನ ಮರಿಗಿ ನಿಲ್ಲು. ನೀಲಿ ಹಡಗಿನವರು ನನ್ನ ಹಿಂದ ಬರ್ರಿ.”

ಮತ್ತೆ ಅದೇ! ಜೈಭೀಮ ಕಿವಿಯ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ನೀಲಿ ಹಡಗಿನವರಂತೆ, ನೀಲಿ ಹಡಗಿನವರು! ನಲವತ್ತು ಜನರ ಪಡೆಯಲ್ಲಿ ಉಳಿದವರಿಗೆಲ್ಲ ಹೆಸರಿದೆ, ತನಗೊಬ್ಬನಿಗೆ ಮಾತ್ರ ಬಣ್ಣ.

ಆಟ ಬಾಹ್ಯಾಕಾಶದ್ದು. ಯಾದಗಿರಿ, ಶಹಾಪುರ, ಸುರಪುರದ ಕಡೆಯವರೇ ಸೇರಿ ಕಟ್ಟಿಕೊಂಡ ಪಡೆ. ಸಂಜೆಯಾದರೆ ತಂತಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷತ್ರಗಳ ನಡುವೆ ಹಡಗು ಓಡಿಸುತ್ತಾರೆ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಜೈಭೀಮ ಸೇರಿ ಎರಡು ತಿಂಗಳಾಯಿತು. ನಾಯಕ ‘ಧ್ರುವ’ ಯಾರು, ಎಲ್ಲಿಯವನು, ಒಬ್ಬರಿಗೂ ಗೊತ್ತಿಲ್ಲ. ದನಿಯೂ ಅವನದಲ್ಲ, ಆಟದಲ್ಲೇ ಸಿಗುವ ಯಂತ್ರದ ದಪ್ಪ ದನಿ. ಪಡೆಯ ಅರ್ಧ ಜನ ಅದನ್ನೇ ಹಾಕಿಕೊಳ್ಳುತ್ತಾರೆ.

ಕಲಿಸುವುದರಲ್ಲಿ ಮಾತ್ರ ಆಸಾಮಿಯನ್ನು ಮೀರಿಸುವವರಿಲ್ಲ, ಒಪ್ಪಬೇಕು. ಮೊದಲ ವಾರ ಜೈಭೀಮ ರಾಡಾರಿನಲ್ಲಿ ಕಂಡ ಚುಕ್ಕಿಗೆಲ್ಲ ಗುಂಡು ಹಾರಿಸಿ ಹೈರಾಣಾಗಿದ್ದ.

“ಓಡೋ ಚುಕ್ಕಿ ಬೆನ್ನು ಹತ್ತಬ್ಯಾಡ್ರಿ, ಅದು ಮೋಸದ್ದು,” ಅಂದಿದ್ದ ನಾಯಕ. “ಅಲುಗಾಡಲಾರದ ಚುಕ್ಕಿ ಮ್ಯಾಲ ಕಣ್ಣಿಡ್ರಿ. ಎಂಜಿನ್ ಬಂದ್ ಮಾಡಿ ತೇಲಿಕೋತ ಹೋಗ್ರಿ, ಬಿಸಿ ಎಂಜಿನ್ ಎಲ್ಲಾರಿಗೂ ಕಾಣ್ತದ. ಹೊಂಡೂ ಮುಂಚೆ ಬೆನ್ನಿಂದಿನ ಒಂದು ನಕ್ಷತ್ರ ಗುರುತು ಇಟ್ಕೋರಿ, ದಾರಿ ತಪ್ಪಂಗಿಲ್ಲ. ಈಗ ಒಂದ್ಸಲ ನೀವು ಹೇಳ್ರಿ ನೋಡೋಣು.”

ತಪ್ಪಿಲ್ಲದೆ ಒಪ್ಪಿಸುವ ತನಕ ಬಿಟ್ಟಿರಲಿಲ್ಲ. ಉಳಿದವರಿಗೆ ಏಕವಚನ, ಇವನಿಗೆ ಬಹುವಚನ. ಅಷ್ಟೆಲ್ಲ ಮರ್ಯಾದೆ, ಹೆಸರು ಮಾತ್ರ ಇಲ್ಲ.

ಆ ಹೆಸರನ್ನು ಕೂಲಿ ಮಾಡುತ್ತಿದ್ದ ಅಪ್ಪ ದ್ಯಾವಪ್ಪ ಹಟ ಹಿಡಿದು ಇಟ್ಟಿದ್ದ. “ನನ್ನ ಮಗನ್ನ ಕರೀಬೇಕಂದ್ರ ಎಂಥಾ ದೊಡ್ಡ ಮನಷ್ಯಾನೂ ಬಾಯಿ ತುಂಬ ಜೈಭೀಮ ಅನ್ನಾಕೇ ಬೇಕು,” ಅನ್ನುತ್ತಿದ್ದ. ಊರಿನ ದೊಡ್ಡ ಮನುಷ್ಯರು ಹಾಗೆ ಕರೆದರೇ? ಕೊನೆತನಕ “ಏ ದ್ಯಾವ್ಯಾನ ಮಗನ” ಎಂದೇ ಕರೆದರು. ಆ ಸಂಕಟ ಊರಲ್ಲೇ ಮುಗಿಯಿತು ಅಂದುಕೊಂಡಿದ್ದ ಜೈಭೀಮ. ಈಗ ನೋಡಿದರೆ ಆಕಾಶಕ್ಕೂ ಏರಿ ಕೂತಿದೆ.

ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹಸನಸಾಬ ಸಮಾಧಾನ ಹೇಳಿದ. “ಬುದ್ಧಪ್ರಿಯ ಅಂತ ಛಂದಾಗಿ ಕರೀತಾನಲ್ಲೋ ಮಾರಾಯ. ಜಾತಿ ಮಾಡವ ಹಂಗ ಕರೀತಾನೇನು?”

“ಬುದ್ಧ ಎಲ್ಲಾರಿಗೂ ಬೇಕು. ಭೀಮ ಬ್ಯಾಡ.”

“ಹಂಗಾದ್ರ ಎದುರಿಗೇ ಕೇಳು. ಶುಕ್ರವಾರದೊಳಗ ಕೇಳು, ಶನಿವಾರ ರವಿವಾರ ಆ ಮನಷ್ಯಾ ಬರಂಗಿಲ್ಲ.”

ಹೆಂಡತಿ ಮಲ್ಲೇಶ್ವರಿಗೂ ಫೋನಿನಲ್ಲಿ ತೋಡಿಕೊಂಡ. ಅವಳು ಹುಣಸಗಿಯಲ್ಲಿ ಶಿಕ್ಷಕಿ. ಅಲ್ಲೇ ಒಂದು ಖೋಲಿ ಹಿಡಿದಿದ್ದಾಳೆ, ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾಳೆ. ಆಟದ ಸಂಗತಿ ಅವಳಿಗೇನು ತಿಳಿದೀತು? ಆದರೂ ಹೊಟ್ಟೆಯೊಳಗಿನ ಉರಿಯನ್ನು ಯಾರಿಗಾದರೂ ಹೇಳಬೇಕಲ್ಲ.

“ಜಾತಿ ಅಂತೇ ಯಾಕ ತಿಳೀತೀರಿ?” ಅಂದಳು. “ಬ್ಯಾರೆ ಏನರ ಅಡಚಣಿ ಇರಬೇಕು.”

“ಮೂರಕ್ಷರ ಅನ್ನಾಕ ಎಂಥಾ ಅಡಚಣಿ?”

“ಕೆಲವ್ರಿಗಿ ಇರ್ತದರಿ,” ಎಂದವಳೇ ಊಟವಾಯಿತೇ ಎಂದು ಕೇಳಿದಳು. ಜೈಭೀಮನಿಗೆ ಅವಳ ಮೇಲೂ ಸಿಟ್ಟು ಬಂತು. ಪ್ರತಿ ಏಪ್ರಿಲ್ ಹದಿನಾಲ್ಕಕ್ಕೆ ತಾನು ವೇದಿಕೆ ಹತ್ತಿ ಗಂಟಲು ಹರಿದುಕೊಳ್ಳುವುದು, ಮನೆಯಲ್ಲೇ ಇಂಥ ಪುಕ್ಕಲು ಮಾತು!

ಶುಕ್ರವಾರ ಸಂಜೆ ಪಡೆಯ ಸಾಲು ಬಿಟ್ಟು ಹೊರಬಂದ. ನಾಯಕನ ಹಡಗನ್ನು ಹುಡುಕುತ್ತ ಒಂಟಿಯಾಗಿ ಹೊರಟ. ಕಲಿತ ವಿದ್ಯೆಯನ್ನು ಕಲಿಸಿದವನ ಮೇಲೇ ತಿರುಗಿಸಿದ. ಬೆನ್ನ ಹಿಂದಿನ ನಕ್ಷತ್ರ ಗುರುತಿಟ್ಟುಕೊಂಡ. ಓಡುವ ಚುಕ್ಕಿಗಳನ್ನು ಬಿಟ್ಟ. ಎಂಜಿನ್ ಬಂದ್ ಮಾಡಿ ತೇಲಿದ. ಒಡೆದ ಚಂದ್ರನೊಂದರ ಹಿಂದೆ ಅಲುಗಾಡದ ಒಂದು ಚುಕ್ಕಿ. ಸಿಕ್ಕ ಮಗ! ಆರು ತಿಂಗಳು ಅದಿರು ಅಗೆದು ಕಟ್ಟಿದ ಹಡಗು ಅದು, ಒಮ್ಮೆ ಸುಟ್ಟರೆ ಮರಳಿ ಸಿಗುವುದಿಲ್ಲ.

ಗುರಿ ಹಿಡಿದು, ಪಡೆಯವರೆಲ್ಲರಿಗೂ ಕೇಳುವ ಹಾಗೆ ಮೈಕು ತೆರೆದ.

“ನಾಯಕರೇ, ನನ್ನ ಹೆಸರು ಹೇಳ್ರಿ. ಒಂದೇ ಸಲ ಹೇಳ್ರಿ, ಹಡಗು ಬಿಡ್ತೀನಿ.”

ಬೆರಳನ್ನು ಗುಂಡಿಯ ಮೇಲಿಟ್ಟು ಕಾದ.

“ಬ್ಯಾರೆ ಏನರ ಕೇಳ್ರಿ,” ಅಂದಿತು ದಪ್ಪ ದನಿ. “ಅದೊಂದು ನನ್ನಿಂದ ಆಗಂಗಿಲ್ಲ.”

“ಯಾಕ ಆಗಂಗಿಲ್ಲ?”

“ನಮ್ಮ ಮನ್ಯಾಗ ಕಲಿಸಿದ್ದು ಹಂಗ.”

ಕೇಳಿದಿರಲ್ಲ! “ತೌಬಾ ತೌಬಾ,” ಅಂದ ಹಸನಸಾಬ. ಜೈಭೀಮನ ಕಣ್ಣ ಮುಂದೆ ಅಪ್ಪನ ಮುಖ ಬಂತು. ಗುಂಡಿ ಒತ್ತಿದ. ಹಡಗು ಹೊತ್ತಿ ಉರಿಯಿತು. ನಾಯಕ ತಿರುಗಿ ಒಂದು ಗುಂಡನ್ನೂ ಹಾರಿಸಲಿಲ್ಲ.

ಪಡೆಯವರು ಒಬ್ಬರ ಹಿಂದೊಬ್ಬರು “ಜೈಭೀಮ! ಜೈಭೀಮ!” ಎಂದು ಕೂಗತೊಡಗಿದರು. ಅವನಿಗೆ ಅಳುವೇ ಬಂತು. ಅಪ್ಪ ಈ ಹೆಸರಿಟ್ಟದ್ದು ಇವತ್ತಿನ ಈ ಗಳಿಗೆಗೇ ಅನ್ನಿಸಿತು.

ಅಷ್ಟರಲ್ಲಿ ಫೋನು. ಮಲ್ಲೇಶ್ವರಿ. ಗೆದ್ದ ಸುದ್ದಿ ಹೇಳಲು ಅವನಿನ್ನೂ ಬಾಯಿ ತೆರೆದಿರಲಿಲ್ಲ.

“ಹಡಗ ಸುಟ್ರಿ, ಸುಡ್ಲಿ ಬಿಡ್ರಿ, ಆದ್ರ ನಲವತ್ತು ಮಂದಿ ಎದುರಿಗಿ ಗಂಡನ ಹೆಸರ ಹಿಡಿದು ಕರಿ ಅಂತೀರಲ್ಲ, ನಿಮಗರ ನಾಚಿಕಿ ಬರಂಗಿಲ್ಲೇನ್ರಿ?”