ಸೋಮವಾರದ ಮಿಠಾಯಿ

ಡಬ್ಬಿಯನ್ನು ಆಫೀಸಿನ ಚಹಾ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ ಮೇಲೆಯೇ ಕುವಬಾರಾಗೆ ತಾನು ಎಂಥ ಕೆಲಸ ಮಾಡಿಬಿಟ್ಟೆನೆಂಬುದು ಹೊಳೆದದ್ದು. ಅಷ್ಟರಲ್ಲಿ ಪಕ್ಕದ ಮೇಜಿನ ಸಾವಾದಾ ಕೈಹಾಕಿ ಒಂದನ್ನು ಎತ್ತಿಕೊಂಡಾಗಿತ್ತು.

"ಯುಫುಯಿನ್‌ಗೆ ಹೋಗಿದ್ರಂತೆ ಸಾರ್, ಬಿಸಿನೀರಿನ ಬುಗ್ಗೆ ಸ್ನಾನ ಜೋರಾ?" ಎನ್ನುತ್ತ ಹೊದಿಕೆ ಹರಿದಳು. "ಅಯ್ಯೋ, ಎಳ್ಳು ಮಿಠಾಯಿ! ಅಲ್ಲಿ ಇದನ್ನೂ ಮಾಡ್ತಾರಾ?"

"ಪ್ರವಾಸಿಗಳು ಕೇಳಿದ್ರೆ ಈಗ ಏನು ಬೇಕಾದ್ರೂ ಮಾಡ್ತಾರಮ್ಮ," ಎಂದ ಕುವಬಾರಾ.

ಹೋದದ್ದು ಯುಫುಯಿನ್‌ಗೆ ಅಲ್ಲ, ಶಾಂಘೈಗೆ. ಎಷ್ಟೊಂದು ಜಾಗ್ರತೆ ಮಾಡಿದ್ದ ಮನುಷ್ಯ! ಫೋನನ್ನು ಆರಿಸಿಟ್ಟಿದ್ದ, ಟಿಕೆಟ್ಟನ್ನು ತನ್ನನ್ನು ಕರೆಸಿಕೊಂಡ ಚೀನೀ ಕಂಪನಿಯವರಿಂದಲೇ ತೆಗೆಸಿದ್ದ, ಹೆಂಡತಿಗೂ ಸ್ನಾನದ ಕಥೆಯನ್ನೇ ಹೇಳಿದ್ದ. ಆದರೆ ವಾಪಸು ವಿಮಾನ ಹತ್ತುವ ಮುಂಚೆ ಕಾಲುಗಳು ತಾವಾಗಿಯೇ ಮಿಠಾಯಿ ಅಂಗಡಿಯತ್ತ ನಡೆದಿದ್ದವು. ಪ್ರವಾಸ ಹೋದವನು ಆಫೀಸಿಗೆ ಬರಿಗೈಯಲ್ಲಿ ಮರಳುವುದುಂಟೆ? ನಾನಿಲ್ಲದಾಗ ನನ್ನ ಕೆಲಸವನ್ನೂ ನೀವೇ ಹೊತ್ತಿರಲ್ಲ ಎಂದು ತಲೆಗೊಂದು ಸಿಹಿ ತರುವುದು ಕೆಲಸಕ್ಕೆ ಸೇರಿದಂದಿನಿಂದ ಬಂದ ರೂಢಿ. ತಲೆ ಎಣಿಸಿದ್ದ, ಕೊಂಡಿದ್ದ, ಆಫೀಸಿನ ಚೀಲಕ್ಕೆ ತುರುಕಿದ್ದ. ಕದ್ದುಮುಚ್ಚಿ ಹೋದವನಿಗೆ ಇಷ್ಟೊಂದು ಮರ್ಯಾದೆ ಇರಬಾರದು ನೋಡಿ.

ಡಬ್ಬಿ ಮುಚ್ಚೋಣವೆಂದರೆ ಸುತ್ತ ಜನ ಸೇರಿಬಿಟ್ಟಿದ್ದರು. ವಿಭಾಗದ ಮುಖ್ಯಸ್ಥ ತೊಕುನಾಗಾ ಕೂಡ ಬಂದ. ಕುವಬಾರಾನ ಕೈಕೆಳಗೇ ಕೆಲಸ ಕಲಿತವನು ಅವನು. ಐವತ್ತೈದು ತುಂಬಿದವರು ಮುಖ್ಯಸ್ಥನ ಹುದ್ದೆ ಬಿಟ್ಟುಕೊಟ್ಟು ಸಾಮಾನ್ಯ ನೌಕರರಾಗಿ ಮುಂದುವರಿಯಬೇಕೆಂಬುದು ಕಂಪನಿಯ ನಿಯಮ. ಹಾಗಾಗಿ ಹೋದ ವರ್ಷ ಗುರುವಿನ ಕುರ್ಚಿ ಶಿಷ್ಯನ ಪಾಲಾಗಿತ್ತು. ತೊಕುನಾಗಾ ಒಂದು ಮಿಠಾಯಿ ತೆಗೆದುಕೊಂಡು ಹೊದಿಕೆಯ ಹಿಂಬದಿ ತಿರುಗಿಸಿದ. ತಯಾರಿಸಿದವರ ವಿಳಾಸ ಸಣ್ಣ ಅಕ್ಷರದಲ್ಲಿತ್ತು. ಓದಿದ, ಇನ್ನೊಮ್ಮೆ ಓದಿದ, ಬಾಯಿಗೆ ಹಾಕಿಕೊಂಡು ಅಗಿದ.

"ಗುರುಗಳೇ, ಒಂದು ನಿಮಿಷ ಹೊರಗೆ ಬರ್ತೀರಾ?"

ಕಟ್ಟಡದ ಹಿಂದೆ ಕಾಫಿ ಡಬ್ಬಿಗಳ ಯಂತ್ರ. ತೊಕುನಾಗಾ ನಾಣ್ಯ ಹಾಕಿ ಎರಡು ತೆಗೆದು, ಒಂದನ್ನು ಎರಡೂ ಕೈಯಲ್ಲಿ ಹಿಡಿದು ಕುವಬಾರಾಗೆ ಕೊಟ್ಟ.

"ಶಾಂಘೈ ಹೇಗಿದೆ?"

ಇನ್ನು ಸುಳ್ಳು ಹೇಳುವ ತ್ರಾಣ ಕುವಬಾರಾಗೆ ಉಳಿದಿರಲಿಲ್ಲ. "ಊಟ ಚೆನ್ನಾಗಿ ಹಾಕಿದ್ರಪ್ಪ."

"ಏನೇನು ಹೇಳಿಕೊಟ್ರಿ?"

"ಇನ್ನೂ ಏನೂ ಇಲ್ಲ. ಬರೀ ಮಾತುಕತೆ. ಪಾಠ ಶುರುವಾಗೋದು ಈ ಶನಿವಾರ."

ಯಾವ ಪಾಠ ಎಂದು ತೊಕುನಾಗಾ ಕೇಳಲಿಲ್ಲ. ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆಯ ಮೇಲೆ, ಬೆಳಕು ಬಿದ್ದಲ್ಲಿ ಬದಲಾಗುವ ಲೇಪವೊಂದನ್ನು ಸವರುವ ಯಂತ್ರವಿದೆ. ಅದನ್ನು ಪಳಗಿಸುವುದರಲ್ಲಿ ಕುವಬಾರಾನಷ್ಟು ನುರಿತವರು ಜಪಾನಿನಲ್ಲೇ ವಿರಳ. ಸರ್ಕಾರದ ಅನುಮತಿಯಿಲ್ಲದೆ ಆ ಯಂತ್ರ ದೇಶ ದಾಟುವಂತಿಲ್ಲ, ಅದರ ವಿದ್ಯೆಯೂ ದಾಟುವಂತಿಲ್ಲ. ಸಿಕ್ಕಿಬಿದ್ದರೆ ಜೈಲು.

"ರಫ್ತು ನಿಯಮ ತಿಳಿಸೋಕೆ ಟೋಕಿಯೋದ ಅಧಿಕಾರಿ ಬಂದಿದ್ದಾಗ ನೀವು ಮುಂದಿನ ಸಾಲಲ್ಲೇ ಕೂತಿದ್ರಿ. ಬಾಯಲ್ಲಿ ಹೇಳಿದ್ರೂ ಅದು ರಫ್ತೇ ಅಂದ್ರಲ್ಲ ಅವರು?"

"ಕೇಳಿಸ್ಕೊಂಡಿದ್ದೀನಿ. ಯಂತ್ರ ದೇಶದ್ದು, ಒಪ್ಪಿದೆ. ನನ್ನ ತಲೆಯೂ ದೇಶದ್ದಾ?" ಕುವಬಾರಾನ ದನಿ ಏರಿತು, ಮತ್ತೆ ತಾನಾಗಿಯೇ ಇಳಿಯಿತು. "ಅಲ್ಲಿ ಹುಡುಗರು ಸುತ್ತ ಕೂತು ಒಂದರ ಮೇಲೊಂದು ಕೇಳ್ತಾನೇ ಇದ್ರು ಕಣಯ್ಯ. ಉತ್ತರ ನಾಲಿಗೆ ತುದಿಗೆ ಬಂದಿತ್ತು, ಹೆಂಗೋ ನುಂಗ್ಕೊಂಡೆ. ಇಲ್ಲಿ ನನ್ನನ್ನ ಕೆಲಸ ಕೊಡದೆ ಕಿಟಕಿ ಪಕ್ಕ ಕೂರಿಸಿದ ಮೇಲೆ ಯಾರಾದ್ರೂ ಏನಾದ್ರೂ ಕೇಳಿದ್ದೀರಾ? ಹೋಗ್ಲಿ, ನೀನು ಕೇಳಿದ್ದೀಯಾ?"

ತೊಕುನಾಗಾ ತಲೆ ತಗ್ಗಿಸಿದ. ಕಿವಿಗಳು ಕೆಂಪಗಾಗಿದ್ದವು.

"ನಾಚಿಕೆ ಆಗ್ತಿತ್ತು ಗುರುಗಳೇ. ನಿಮ್ಮ ಕುರ್ಚೀಲಿ ಕೂತ್ಕೊಂಡು, ನಂಗೆ ಬರಲ್ಲ ಅಂತ ನಿಮ್ಮ ಹತ್ರಾನೇ ಹೇಗೆ ಬರ್ಲಿ? ಎಷ್ಟೋ ಸಲ ನಿಮ್ಮ ಮೇಜಿನ ತನಕ ಬಂದು ವಾಪಸು ಹೋಗಿದ್ದೀನಿ."

ಹುಡುಗನಿಗೆ ಕುರ್ಚಿ ಸಿಕ್ಕ ಮೇಲೆ ಕೊಬ್ಬು ಬಂದಿದೆ ಎಂದು ಕುವಬಾರಾ ಇಡೀ ವರ್ಷ ಒಳಗೊಳಗೇ ಬೈದುಕೊಂಡಿದ್ದನಲ್ಲ! ಕಾಫಿ ಎತ್ತಿ ಕುಡಿದ. ಅದು ಆಗಲೇ ಆರಿತ್ತು.

"ಭದ್ರತಾ ವಿಭಾಗಕ್ಕೆ ನಾನು ಹೇಳಲೇಬೇಕು," ಎಂದ ತೊಕುನಾಗಾ.

"ಹೇಳು. ಅದು ನಿನ್ನ ಕೆಲಸ. ನಾನು ಬೇಜಾರು ಮಾಡ್ಕೊಳ್ಳಲ್ಲ."

"ಶಾಂಘೈಗೆ ಹೋಗಿದ್ರು, ಊಟ ಮಾಡಿದ್ರು, ಏನೂ ಹೇಳಿಕೊಡದೆ ಬಂದ್ರು. ಇವತ್ತೇ ಹೇಳಿದ್ರೆ ವಿಷಯ ಇಷ್ಟೇ. ಬೈಗುಳ ಬೀಳುತ್ತೆ, ಇಬ್ರೂ ತಲೆ ಬಗ್ಗಿಸಿ ನಿಲ್ಲೋಣ. ಶನಿವಾರ ಕಳೆದ್ಮೇಲೆ ನನ್ನ ಕೈಯಲ್ಲೂ ಏನೂ ಆಗಲ್ಲ."

ಅಷ್ಟರಲ್ಲಿ ಬಾಗಿಲು ತೆರೆದು ಸಾವಾದಾ ತಲೆ ಹೊರಹಾಕಿದಳು.

"ಸಾರ್, ಡಬ್ಬೀಲಿ ಒಂದೇ ಉಳಿದಿದೆ! ಬಾಣಂತಿ ರಜೇಲಿರೋ ಹಮಾಸಾಕಿಗೂ ಲೆಕ್ಕ ಹಾಕಿ ತಂದಿದ್ದೀರಲ್ಲ, ನೀವೊಬ್ರೇ ನೋಡಿ ಅವಳನ್ನ ನೆನಪಿಟ್ಟಿರೋರು. ಸಂಜೆ ಅವಳ ಮನೆಗೆ ತಲುಪಿಸ್ತೀನಿ," ಎಂದು ಕೂಗಿ ಒಳಗೆ ಹೋದಳು.

ಕುವಬಾರಾ ಆ ಬಾಗಿಲನ್ನೇ ನೋಡುತ್ತ ನಿಂತ. ತೊಕುನಾಗಾ ಖಾಲಿ ಕಾಫಿ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ:

"ಶನಿವಾರ ಹೋಗಿ ಬಂದ್ರೆ, ಸೋಮವಾರ ಮಿಠಾಯಿ ಯಾರಿಗೆ ತರ್ತೀರಾ, ಗುರುಗಳೇ?"